ಪಾಠದಾಚೆಯ ಪಟ್ಟಿ

ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಮಠದ 1162ರ ಶಾಸನವನ್ನು ನಾನು ಶಾಲೆಯೊಂದರ ವಿನ್ಯಾಸವಾಗಿ ಓದುತ್ತೇನೆ. ವೇದ, ವ್ಯಾಕರಣ, ದರ್ಶನಗಳಿಗೇ ಅದರ ಪಟ್ಟಿ ಮುಗಿಯುವುದಿಲ್ಲ; ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಮದ್ದು ಎಂದೂ ಮುಂದುವರಿಯುತ್ತದೆ. ವಿದ್ಯೆಯ ಜೊತೆ ಜನರ ಪಾಡೂ ಅಲ್ಲಿ ಲೆಕ್ಕಕ್ಕಿದೆ.

2020ರಲ್ಲಿ ಶಾಲೆ ಮುಚ್ಚಿ, ಬಿಸಿಯೂಟ ನಿಂತಾಗ ಬಂದ ಆನ್‌ಲೈನ್ ಪಾಠಗಳಲ್ಲಿ ನನಗೆ ಕಾಣದ್ದು ಈ ಎರಡನೆಯ ಭಾಗ. ಸೊರಬದ ಹಳ್ಳಿಯಲ್ಲಿ ಏಳನೇ ತರಗತಿಯ ಹುಡುಗಿಗೆ ಮನೆಯ ಒಂದೇ ಫೋನು ಸಿಗುವುದು ಅಪ್ಪ ಗದ್ದೆಯಿಂದ ಬಂದ ಮೇಲೆ. ಸಿಗ್ನಲ್ಲು ಸಿಗುವುದು ಗುಡ್ಡ ಹತ್ತಿದ ಮೇಲೆ. ಮುಕ್ಕಾಲು ಗಂಟೆಯ ವಿಡಿಯೊ ಇವೆರಡನ್ನೂ ಅರಿಯದು. ಆ ಆಗಸ್ಟಿನಲ್ಲಿ ಶುರುವಾದ ‘ವಿದ್ಯಾಗಮ’ ಅರಿತಿತ್ತು: ಮೇಷ್ಟರೇ ಮಕ್ಕಳಿದ್ದಲ್ಲಿಗೆ ಹೋದರು.

ಇಳಿಸಿಟ್ಟುಕೊಳ್ಳಬಹುದಾದ ಹತ್ತು ನಿಮಿಷದ ಪಾಠ, ಕೊನೆಗೊಂದು ಪ್ರಶ್ನೆ, ಮಾರನೆಯ ದಿನ ಉತ್ತರ ಕೇಳುವ ಮೇಷ್ಟರು: ಹಿರಿಯ ಪ್ರಾಥಮಿಕದ ಮಕ್ಕಳಿಗೆ ಇಷ್ಟಾದರೂ ಬೇಕು. ಮಗುವಿನ ಮಾತು ಕೇಳುವವರಿಲ್ಲದಿದ್ದರೆ ಅದು ಬರೀ ಪ್ರಸಾರ.