ಕೌತುಕಕ್ಕೂ ಕಣ್ಣು ಬೇಕು

ಹಂಪಿಯನ್ನು ಕುರಿತ ನಮ್ಮ ಪ್ರವಾಸಲೇಖನಗಳಲ್ಲಿ ಎರಡು ಕೌತುಕಗಳು ಬಾರದೆ ಇರುವುದಿಲ್ಲ: ವಿರೂಪಾಕ್ಷನ ಗುಡಿಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳು, ವಿಠ್ಠಲ ದೇವಾಲಯದಲ್ಲಿ ತಟ್ಟಿದರೆ ನಾದಗೊಡುವ ಕಂಬಗಳು. ‘ವಿಜ್ಞಾನಕ್ಕೂ ನಿಲುಕದ ರಹಸ್ಯ’ವೆಂದು ಸಾರಿ ಲೇಖಕರು ಮುಂದೆ ನಡೆದುಬಿಡುತ್ತಾರೆ. ನೋಟ ಮೊದಲಾಗಬೇಕಾದ ಕಡೆಯಲ್ಲೇ ಬರೆಹ ಮುಗಿಯುತ್ತದೆ.

ನೆರಳಿನಲ್ಲಿ ರಹಸ್ಯವೇನೂ ಇಲ್ಲ. ಬೆಳಕು ನೇರವಾಗಿ ಹರಿಯುವುದರಿಂದ, ಸಣ್ಣ ಕಿಂಡಿಯಲ್ಲಿ ನುಸುಳಿದಾಗ ಗೋಪುರದ ತುದಿಯ ಕಿರಣ ಕೆಳಕ್ಕೂ ಬುಡದ ಕಿರಣ ಮೇಲಕ್ಕೂ ಬೀಳುತ್ತವೆ. ಕಂಬಗಳೂ ಟೊಳ್ಳಲ್ಲ, ಕಲ್ಲಿನ ಗುಣ, ಕಡೆದ ಉದ್ದ, ದಪ್ಪಗಳಿಂದ ನಾದ ಹುಟ್ಟುತ್ತದೆ. ಇಷ್ಟು ತಿಳಿದರೆ ಬೆರಗು ಬತ್ತೀತೆ? ಕಗ್ಗಲ್ಲನ್ನು ಅಷ್ಟು ತೆಳುವಾಗಿ ಕಡೆದ ಕೈಗಳ ಕಡೆಗೆ ಅದು ಹೊರಳೀತು, ಅಷ್ಟೆ. ಆ ಕೈಗಳನ್ನು ಮರೆತ ಬೆರಗು ಕಂಬಗಳನ್ನು ಆಟಿಕೆಯಾಗಿಸಿತು; ಈಗ ತಟ್ಟುವುದನ್ನೇ ನಿಷೇಧಿಸಿದೆ.

ಇದರೊಡನೆ, 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ಬರೆಹವನ್ನು ಹೋಲಿಸಿ ನೋಡಬೇಕು. ರಾಬರ್ಟ್ ಸಿವೆಲ್ಲರು 1900ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ತಮ್ಮ ಗ್ರಂಥದಲ್ಲಿ ಪ್ರಕಟಿಸಿದರು. ಪಾಯೆಸನೂ ಕೌತುಕಪ್ರಿಯನೇ. ಅರಮನೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ದಂತದಿಂದಲೇ ಆದ ಕೋಣೆಯನ್ನು ಕಂಡು, ಇಂಥದು ಬೇರೆಲ್ಲೂ ದೊರೆಯದೆಂದು ಬೆರಗಾಗುತ್ತಾನೆ. ಆದರೆ ಅವನ ಕಣ್ಣು ಅಲ್ಲಿಗೇ ನಿಲ್ಲಲಿಲ್ಲ. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯಲ್ಲಿ 15-20 ಸಾವಿರ ಆಳುಗಳು ಇರುವೆಗಳಂತೆ ದುಡಿಯುತ್ತಿದ್ದುದನ್ನು ಬರೆದ. ಕೆರೆ ಎರಡು ಮೂರು ಬಾರಿ ಒಡೆದಾಗ 60 ಮಂದಿಯ ತಲೆ ಬಲಿಯಾದುದನ್ನೂ ಬರೆದ. ಹೊಸಪೇಟೆಯ ಬಳಿ, ಸಂಡೂರು ಬೆಟ್ಟಗಳ ಕಣಿವೆಯ ಬಾಯಲ್ಲಿರುವ ಬತ್ತಿದ ಕೆರೆಯೇ ಇದಿರಬೇಕೆಂದು ಸಿವೆಲ್ಲರು ಗುರುತಿಸಿದ್ದಾರೆ. ವೈಭವವನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಒಂದೇ ಲೇಖನಿ ದಾಖಲಿಸಿತೆಂಬುದೇ ಈ ಬರೆಹದ ಹಿರಿಮೆ.

ಪಾಯೆಸನಿಗೆ ಮಿತಿಗಳಿಲ್ಲವೆಂದಲ್ಲ. ಗುಡಿಯ ವಿಗ್ರಹಗಳು ಅವನಿಗೆ ಕೊನೆಯವರೆಗೂ ಪರಕೀಯವೇ. ಒಳಗಿನ ಕಣ್ಣಿಗೆ ನಾವು ಹರಿಹರನ ಬಳಿಗೆ ಹೋಗಬೇಕು. ಹಂಪೆಯ ವಿರೂಪಾಕ್ಷನ ಭಕ್ತನಾದ ಆ ಕವಿ ‘ಪುಷ್ಪರಗಳೆ’ಗೆ ಆರಿಸಿಕೊಂಡ ವಸ್ತು ದಿನದಿನವೂ ಅರಳುವ ಹೂವು. ವಸ್ತು ವಿರಳವಾಗಿರಬೇಕೆಂಬ ಹಂಗು ಅವನ ವಿಸ್ಮಯಕ್ಕಿಲ್ಲ.

ಪಾಯೆಸ್ ಕಂಡ ದಂತದ ಕೋಣೆ ಇಂದು ಉಳಿದಿಲ್ಲ. ಅವನ ಬರೆಹ ಉಳಿದಿದೆ. ಹಂಪಿಯನ್ನು ಕುರಿತು ಇನ್ನು ಮುಂದೆ ಬರೆಯುವವರು ಕಂಬದ ನಾದವನ್ನು ಬಣ್ಣಿಸುವ ಮೊದಲು, ಆ ಕೆರೆಯ ಏರಿಯ ಮೇಲೂ ಒಂದು ಗಳಿಗೆ ನಿಂತು ಬಂದರೆ ನಮ್ಮ ಪ್ರವಾಸಸಾಹಿತ್ಯಕ್ಕೆ ಲಾಭವಾದೀತು.