ಅಯ್ಯೋ ಪಾಪ ಬೇಡ, ಆಟದ ಬಗ್ಗೆ ಮಾತಾಡಿ

ನಮ್ಮ ಚನ್ನಪಟ್ಟಣದ ಗಿಲಕಿ ಗೊತ್ತಲ್ವಾ? ಆಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ಒಳಗೆ ಸದ್ದಿಗೆ ಒಂದಿಷ್ಟು ಕಾಳು ತುಂಬಿರುತ್ತಾರೆ. ಅಂಧರ ಕ್ರಿಕೆಟ್ಟಿನ ಚೆಂಡೂ ಹೆಚ್ಚುಕಮ್ಮಿ ಹಾಗೇ. ಗಟ್ಟಿ ಪ್ಲಾಸ್ಟಿಕ್ಕು, ಹೊಟ್ಟೆಯಲ್ಲಿ ಬೇರಿಂಗ್ ಗುಂಡುಗಳು. ಆ ಸದ್ದನ್ನೇ ನಂಬಿಕೊಂಡು ಒಂದು ಟಿ20 ವಿಶ್ವಕಪ್ ನಡೆಯುತ್ತೆ.

ಅದು ಶುರುವಾಗಿದ್ದೂ ನಮ್ಮಿಂದ ಒಂದೂವರೆ ಗಂಟೆ ದಾರಿಯ ಬೆಂಗಳೂರಿನಲ್ಲೇ. 2012ರ ಡಿಸೆಂಬರಿನಲ್ಲಿ ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ ಪಾಕಿಸ್ತಾನವನ್ನು 29 ರನ್ನಿಂದ ಸೋಲಿಸಿ ಮೊದಲ ಕಪ್ ಗೆದ್ದಿತು. 2017ರ ಫೆಬ್ರವರಿಯಲ್ಲಿ ಚಿನ್ನಸ್ವಾಮಿಯಲ್ಲಿ ಮತ್ತೆ ಪಾಕಿಸ್ತಾನವೇ ಎದುರಾಳಿ. 198ರ ಗುರಿಯನ್ನು ನಮ್ಮವರು ಒಂದೇ ವಿಕೆಟ್ ಕಳ್ಕೊಂಡು ಮುಟ್ಟಿದರು. ಕರ್ನಾಟಕದ ಪ್ರಕಾಶ ಜಯರಾಮಯ್ಯ ಅಜೇಯ 99.

ಇಷ್ಟಾದರೂ ಈ ಆಟದ ಬಗ್ಗೆ ನಾನು ಓದಿರುವ ಬರಹಗಳೆಲ್ಲ ಒಂದೇ ಅಚ್ಚು. 'ಕಣ್ಣಿಲ್ಲದಿದ್ದರೂ ಸಾಧನೆ', 'ಕತ್ತಲನ್ನು ಗೆದ್ದವರು'. ಶೇಖರ್ ನಾಯ್ಕ್‌ಗೆ 2017ರಲ್ಲಿ ಪದ್ಮಶ್ರೀ ಬಂದಾಗಲೂ ಇದೇ ರಾಗ. ಬಡತನ, ಅಮ್ಮ, ಕಣ್ಣೀರು ಎಲ್ಲ ಇರುತ್ತೆ. ಸ್ವೀಪ್ ಹೊಡೆದಿದ್ದು ಹೇಗೆ ಅನ್ನೋದು ಮಾತ್ರ ಇರಲ್ಲ. ಕೊಹ್ಲಿ ಔಟಾದರೆ ಕಾಲಿಟ್ಟ ರೀತಿಯನ್ನೇ ಅರ್ಧ ಗಂಟೆ ಕೊರೀತೀವಿ. ಇವರಿಗೆ ಮಾತ್ರ ಚಪ್ಪಾಳೆ ತಟ್ಟಿ ಮನೆಗೆ ಕಳಿಸ್ತೀವಿ. ತಪ್ಪು ಹುಡುಕದೆ ಹೊಗಳೋದು ಗೌರವ ಅಲ್ಲ ಸ್ವಾಮಿ, ಉಪೇಕ್ಷೆ.

ಹಾಗಾಗಿ ನಾನು ಆಟದ ಬಗ್ಗೇನೇ ಮಾತಾಡ್ತೀನಿ. ನಿಯಮಗಳು ಚೆನ್ನಾಗಿವೆ. ಬೌಲರ್ 'ರೆಡಿ?' ಅಂತ ಕೇಳಿ, ಉತ್ತರ ಬಂದ ಮೇಲೆ 'ಪ್ಲೇ' ಅಂತ ಕೂಗಿ ಕೈ ಕೆಳಗಿನಿಂದ ಎಸೆಯಬೇಕು. ಚೆಂಡು ಪಿಚ್ಚಿನ ಅರ್ಧ ದಾಟುವ ಮೊದಲೇ ನೆಲ ಮುಟ್ಟಬೇಕು. ಆಟಗಾರರಲ್ಲಿ ದೃಷ್ಟಿಗೆ ತಕ್ಕಂತೆ ಬಿ1, ಬಿ2, ಬಿ3 ಅಂತ ಮೂರು ವರ್ಗ. ಪೂರ್ತಿ ಕಾಣದ ಬಿ1 ಬ್ಯಾಟರ್ ಹೊಡೆದ ಒಂದು ರನ್ನಿಗೆ ಎರಡು ಲೆಕ್ಕ. ಅವನು ಒಂದು ಪುಟಿತದ ಮೇಲೆ ಕ್ಯಾಚ್ ಹಿಡಿದರೂ ಔಟ್. ಇದು ರಿಯಾಯಿತಿ ಅಲ್ಲ, ಸಮತೂಕ.

ಆದರೆ ಬ್ಯಾಟು ಮತ್ತು ಚೆಂಡಿನ ನಡುವೆ ಆ ಸಮತೂಕ ಕಾಣಲ್ಲ. 2022ರ ಡಿಸೆಂಬರಿನ ಫೈನಲ್ ನೋಡಿ, ಅದೂ ಚಿನ್ನಸ್ವಾಮಿಯಲ್ಲೇ. ಭಾರತ ಎರಡು ವಿಕೆಟ್ಟಿಗೆ 277. ನಮ್ಮ ರಾಜ್ಯದ ಸುನಿಲ್ ರಮೇಶ್ 136, ಅಜಯ್ ಕುಮಾರ್ ರೆಡ್ಡಿ ಅಜೇಯ 100. ಬಾಂಗ್ಲಾದೇಶ ಮೂರು ವಿಕೆಟ್ಟಿಗೆ 157. ನಲವತ್ತು ಓವರಿಗೆ ಬಿದ್ದಿದ್ದು ಐದೇ ವಿಕೆಟ್! ಗೆದ್ದಿದ್ದು 120 ರನ್ನಿಂದ, ನಿಜ. ಆದರೆ ವಿಶ್ವಕಪ್ ಫೈನಲಿನಲ್ಲಿ ಬೌಲರಿಗೆ ಉಳಿದಿದ್ದೇನು? ಬರೀ ಚೆಂಡು ಹಾಕಿಕೊಡುವ ಕೆಲಸ. ಕನಕಪುರ, ಮಾಗಡಿ ಮೈದಾನಗಳಲ್ಲಿ ಟೆನಿಸ್ ಬಾಲ್ ಆಡೋ ಹುಡುಗರನ್ನು ಕೇಳಿದರೂ ಹೇಳ್ತಾರೆ, ವಿಕೆಟ್ ಬೀಳದ ಮ್ಯಾಚಿಗೆ ಮಜಾ ಇಲ್ಲ ಅಂತ.

ಕಣ್ಣಿರುವವರ ಟಿ20ಗೂ ಇದೇ ರೋಗ ಇದೆ. ಅದನ್ನು ದಿನಾ ಬೈತೀವಿ, ಬೈದಿದ್ದಕ್ಕೆ ನಿಯಮಗಳೂ ಬದಲಾಗ್ತವೆ. ಇಲ್ಲಿ ಬೈಯೋರೇ ಇಲ್ಲ.

2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪೂ ನಮಗೇ ಬಂತು, ನಾಯಕಿ ಕರ್ನಾಟಕದ ದೀಪಿಕಾ ಟಿ.ಸಿ. ಆ ತಂಡದ ಬಗ್ಗೆ ಬರೆಯೋರು ದಯವಿಟ್ಟು ಮೊದಲು ಸ್ಕೋರ್‌ಕಾರ್ಡ್ ನೋಡಿ. ಯಾರು ಚೆನ್ನಾಗಿ ಆಡಿದರು, ಯಾರು ಕ್ಯಾಚ್ ಬಿಟ್ಟರು, ಯಾವ ಓವರಿನಲ್ಲಿ ಮ್ಯಾಚ್ ತಿರುಗಿತು ಅಂತ ಬರೀರಿ. ಅವರ ಕಷ್ಟದ ಕತೆ ಆಮೇಲೆ ಬರಲಿ.