ನಗೆನಾಟಕ ಮುಗಿದ ಮೇಲೆ



ಈ ಬಾರಿಯ ಕೂಟದಲ್ಲಿ ನಾವು ನೋಡಿ ಚರ್ಚಿಸಿದ್ದು ಕನ್ನಡದ ಕೃತಿಯಲ್ಲ, ಸಿಂಗಪುರದ ಮೈಕೇಲ್ ಚಿಯಾಂಗ್ ಅವರ 'ಆರ್ಮಿ ಡೇಜ್'. 1987ರಲ್ಲಿ ರಂಗವೇರಿದ ಈ ನಾಟಕ 1996ರಲ್ಲಿ ಚಲನಚಿತ್ರವಾಯಿತು. ನಮ್ಮಲ್ಲಿ ಕೆಲವರ ಮಕ್ಕಳು ಹದಿನೆಂಟರ ಹೊಸ್ತಿಲಲ್ಲಿದ್ದಾರೆ. ಹಾಗಾಗಿ ನಗುತ್ತಲೇ ನೋಡಿದರೂ ನಗು ಅಲ್ಲಲ್ಲಿ ಗಂಟಲಲ್ಲೇ ಉಳಿಯಿತು.

ಕಡ್ಡಾಯ ಸೇನಾಸೇವೆಗೆ ಸೇರುವ ಐವರು ಹುಡುಗರ ಕಥೆ ಇದು. ಅಮ್ಮನ ಮುದ್ದಿನ ಮಾಲ್ಕಮ್, ಆ ಬೆಂಗ್, ಜೊಹಾರಿ, ಕೆನ್ನಿ, ಜೊತೆಗೆ ಕೃಷ್ಣಮೂರ್ತಿ. ಬೇರೆ ಬೇರೆ ಮನೆಮಾತಿನವರು ಒಂದೇ ಬ್ಯಾರಕ್ಕಿನಲ್ಲಿ ಒಬ್ಬರಿಗೊಬ್ಬರು ಒಗ್ಗಿಕೊಳ್ಳುವುದನ್ನು ಉಪದೇಶವಿಲ್ಲದೆ, ಬರೀ ಮಾತಿನ ವರಸೆಯಲ್ಲೇ ತೋರಿಸಿದ್ದು ಚಿಯಾಂಗರ ಗೆಲುವು. ಆದರೆ ನಮ್ಮ ಕೃಷ್ಣಮೂರ್ತಿಗೆ ಪ್ರೇಯಸಿಯ ಧ್ಯಾನ ಬಿಟ್ಟರೆ ಬೇರೆ ಲೋಕವೇ ಇದ್ದಂತಿಲ್ಲ. ಈ ಪಾತ್ರ ಇನ್ನಷ್ಟು ಬೆಳೆಯಬೇಕಿತ್ತು.

ನಮ್ಮ ದೊಡ್ಡ ತಕರಾರು ಬೇರೆ. ಪರದೆ ಬೀಳುವಲ್ಲಿ ನಿಜವಾದ ಕಥೆ ಶುರುವಾಗುತ್ತದೆ. 1967ರಿಂದ ನಡೆದು ಬಂದ ಈ ಸೇವೆಯ ಪೂರ್ಣಾವಧಿ ಈಗ ಸುಮಾರು 2 ವರ್ಷ. ಅದು ಮುಗಿದ ಮೇಲೆ 10 ವರ್ಷಗಳ ತರಬೇತಿ ಚಕ್ರವಿದೆ. ವರ್ಷಕ್ಕೆ 40 ದಿನಗಳವರೆಗೆ ಕರೆ ಬರಬಹುದು. ಎಂಜಿನಿಯರ್ ಆಗಲಿ, ವಕೀಲನಾಗಲಿ, ಕರೆ ಬಂದರೆ ಬೂಟು ಕಟ್ಟಲೇಬೇಕು. ಆ ದಿನಗಳ ಸಂಬಳವನ್ನು ಸರಕಾರ ಭರಿಸುತ್ತದೆ, ನಿಜ. ಆದರೆ ಅಷ್ಟರಲ್ಲಿ ಕೈತಪ್ಪಿದ ಪ್ರಾಜೆಕ್ಟನ್ನು ಯಾರು ತುಂಬಿಕೊಡುತ್ತಾರೆ? 2017ರಲ್ಲಿ ಬಂದ ಜ್ಯಾಕ್ ನಿಯೋ ಅವರ 'ಆ ಬಾಯ್ಸ್ ಟು ಮೆನ್' 4ನೇ ಭಾಗ, ಬದುಕು ಕಟ್ಟಿಕೊಳ್ಳುತ್ತಿರುವ ಹುಡುಗರು ಶಿಬಿರಕ್ಕೆ ಮರಳುವುದನ್ನು ತೋರಿಸಿತು. ಅದೂ ಹಾಸ್ಯದ ಹಾದಿಯನ್ನೇ ಹಿಡಿಯಿತು.

ಇಷ್ಟು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಇಲ್ಲಿ ನೌಕರಿಯ ಬಲದಿಂದ ಖಾಯಂ ನಿವಾಸಿಯಾದ ಅಪ್ಪನಿಗೆ ಸಾಮಾನ್ಯವಾಗಿ ಈ ಸೇವೆಯಿಲ್ಲ. ಅವನ ಆಸರೆಯಲ್ಲಿ ನಿವಾಸಿಯಾದ ಮಗನಿಗುಂಟು. ಸಹೋದ್ಯೋಗಿ ಶಿಬಿರಕ್ಕೆ ಹೋದಾಗ ಖಾಲಿಯಾದ ಮೇಜಿನ ಪಕ್ಕ ಕೂತವರು ನಾವು. ಅವನ ಕೆಲಸವೂ ನಮ್ಮ ತಲೆಗೆ ಬಿತ್ತೆಂದು ಗೊಣಗಿದವರು ನಾವು. ಅದೇ ಕೆಲಸ ತೋರಿಸಿ ಮೇಲಿನವರ ಮೆಚ್ಚುಗೆ ಗಳಿಸಿದವರೂ ನಾವೇ. ನಾಳೆ ಆ ಖಾಲಿ ಮೇಜು ನಮ್ಮ ಮಗನದು.

ಕರಿಬೇವು, ಮಳೆ, ಊರಿನ ನೆನಪು ಇವೆಲ್ಲ ನಮ್ಮ ಬರಹಗಳಲ್ಲಿ ಬೇಕಾದಷ್ಟು ಬಂದಿವೆ. ಈ ಮೇಜು ಮಾತ್ರ ಇನ್ನೂ ಬಂದಿಲ್ಲ. ಚಿಯಾಂಗ್ ತಮ್ಮ ಪಾಲಿನದನ್ನು ನಗುತ್ತ ಬರೆದರು. ಉಳಿದರ್ಧವನ್ನು ಅಪ್ಪಂದಿರ ಕಡೆಯಿಂದ, ಸ್ವಲ್ಪ ಸಂಕೋಚದಿಂದಲೇ, ಬರೆಯಬೇಕಾದವರು ನಾವು. ಮುಂದಿನ ಕೂಟಕ್ಕೆ ಯಾರಾದರೂ ಇಂಥದ್ದೊಂದು ಕಥೆ ತಂದರೆ ಮೊದಲು ಅದನ್ನೇ ಓದೋಣ. ಏನಂತೀರಿ?